ಮಾನಸಗಂಗೋತ್ರಿಯ ಕಲಾವರ್ಷ: ಅರಮನೆಯ ಆಶ್ರಯದಿಂದ ಬಯಲು ರಂಗಮಂದಿರದವರೆಗೆ

ಮೈಸೂರು ಎಂದೊಡನೆ ರಾಜ್ಯದ ಓದುಗರ ಕಣ್ಣ ಮುಂದೆ ನಿಲ್ಲುವುದು ದಸರಾ. ನವರಾತ್ರಿಯ ದಿನಗಳಲ್ಲಿ ಅರಮನೆಯ ಅಂಗಳದಲ್ಲಿ ಸಂಗೀತ, ನಗರದ ಹತ್ತಾರು ವೇದಿಕೆಗಳಲ್ಲಿ ನೃತ್ಯ ಮತ್ತು ನಾಟಕ. ವಿಜಯದಶಮಿಯ ಜಂಬೂ ಸವಾರಿ ಮುಗಿದು ದೀಪಾಲಂಕಾರ ಆರಿದ ಮೇಲೆ ಊರಿನ ಕಲಾ ಚಟುವಟಿಕೆಯೂ ಮುಗಿಯಿತೆಂಬ ಭಾವನೆ ಹೊರಗಿನವರಲ್ಲಿದೆ. ಆದರೆ ಅದೇ ನಗರದ ಕುಕ್ಕರಹಳ್ಳಿ ಕೆರೆಯ ಆಚೆ ದಡದಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಕಲೆಯ ಲೆಕ್ಕ ಬೇರೆಯೇ ಇದೆ. ಅಲ್ಲಿ ಅದು ಹತ್ತು ದಿನಗಳ ಉತ್ಸವವಲ್ಲ, ವರ್ಷವಿಡೀ ನಡೆಯುವ ಪಾಠ, ಅಭ್ಯಾಸ ಮತ್ತು ಪ್ರದರ್ಶನ.

ಈ ಆವರಣದಲ್ಲಿ ಯಾವ ಕಾಲದಲ್ಲಿ ಏನು ನಡೆಯುತ್ತದೆ, ಎಲ್ಲಿ ನಡೆಯುತ್ತದೆ, ಸಾರ್ವಜನಿಕರು ಅದನ್ನು ನೋಡುವ ಬಗೆ ಹೇಗೆ ಎಂಬುದನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ. ಅದಕ್ಕೂ ಮೊದಲು ಕಲೆ ವಿಶ್ವವಿದ್ಯಾನಿಲಯದ ಅಂಗಳಕ್ಕೆ ಬಂದದ್ದೇಕೆ ಎಂಬುದನ್ನು ಅರಿಯುವುದು ಅಗತ್ಯ. ಏಕೆಂದರೆ ಇಲ್ಲಿನ ಪ್ರೇಕ್ಷಕನು ಕೇವಲ ಅತಿಥಿಯಲ್ಲ. ಒಂದು ಕಾಲದಲ್ಲಿ ಅರಮನೆ ವಹಿಸಿಕೊಂಡಿದ್ದ ಹೊಣೆಯಲ್ಲಿ ಅವನಿಗೂ ಪಾಲಿದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಸ್ಥಾಪನೆಗೊಂಡಿತು. ಬ್ರಿಟಿಷರ ನೇರ ಆಡಳಿತಕ್ಕೆ ಹೊರತಾದ ಪ್ರದೇಶದಲ್ಲಿ ಆರಂಭವಾದ ದೇಶದ ಮೊದಲ ವಿಶ್ವವಿದ್ಯಾನಿಲಯವಿದು. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಸ್ಥಾಪಕರು. ಆಗಿನ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯನವರು ಅದಕ್ಕೆ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮ ಅಧ್ಯಕ್ಷರೂ ಆಗಿದ್ದರು ಎಂಬುದು ಗಮನಾರ್ಹ. 1918ರ ಪ್ರಥಮ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಕಲ್ಕತ್ತೆಯ ಸರ್ ಅಶುತೋಷ್ ಮುಖರ್ಜಿ.

ಆರಂಭದ ದಶಕಗಳಲ್ಲಿ ವಿಶ್ವವಿದ್ಯಾನಿಲಯದ ಎರಡು ಕಣ್ಣುಗಳೆಂದರೆ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಸಾಹಿತ್ಯ ಚಟುವಟಿಕೆ ಇವೆರಡರ ತರಗತಿಗಳಿಂದ ಹೊರಗೂ ಹರಿಯಿತು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಹೊರತಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಮುಂದೆ ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ರಾಷ್ಟ್ರೀಯ ಬಾನುಲಿಯ ಹೆಸರಾಯಿತು.

ಆದರೂ ಆ ಕಾಲದಲ್ಲಿ ಸಂಗೀತ ಮತ್ತು ನೃತ್ಯ ವಿಶ್ವವಿದ್ಯಾನಿಲಯದ ಹೊರಗಿದ್ದವು. ಅವುಗಳ ಪೋಷಣೆ ಅರಮನೆಯದು. ವಿದ್ವಾಂಸರಿಗೆ ಆಸ್ಥಾನದ ಮನ್ನಣೆ, ಸಂಬಳ, ನವರಾತ್ರಿಯ ಕಛೇರಿ ಎಲ್ಲವೂ ಅಲ್ಲಿಂದಲೇ. ಸ್ವಾತಂತ್ರ್ಯಾನಂತರ ರಾಜ್ಯಾಧಿಕಾರ ಜನರ ಕೈಗೆ ಬಂದಾಗ ಈ ಏರ್ಪಾಡು ಸಹಜವಾಗಿಯೇ ಸಡಿಲವಾಯಿತು. ಆಸ್ಥಾನದ ಹಿರಿಯ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಪಾಠ ಹೇಳಿದರು. ಕಲೆಗೆ ಊರಿನಲ್ಲಿಯೇ ಹೊಸ ನೆಲೆಯೊಂದು ಬೇಕಿತ್ತು.

ಆಸ್ಥಾನದಿಂದ ತರಗತಿಗೆ

ಆ ನೆಲೆ ಸಿದ್ಧವಾದದ್ದು 1960ರ ದಶಕದಲ್ಲಿ. 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರು ಇದೇ ವಿಶ್ವವಿದ್ಯಾನಿಲಯದ ಪದವೀಧರರಲ್ಲಿ ಆ ಸ್ಥಾನಕ್ಕೇರಿದ ಮೊದಲಿಗರು. ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕ ಆವರಣವೊಂದನ್ನು ಕಲ್ಪಿಸಿ, ಅದಕ್ಕೆ ‘ಮಾನಸಗಂಗೋತ್ರಿ’ ಎಂಬ ಹೆಸರಿಟ್ಟವರೂ ಅವರೇ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಇಂದು ಅದು ಕುವೆಂಪು ಅವರ ಹೆಸರನ್ನೇ ಹೊತ್ತಿದೆ.

ಅದಕ್ಕೆ ಒಂದು ವರ್ಷ ಮೊದಲು, 1965ರಲ್ಲಿ, ಸಂಗೀತ ಮತ್ತು ನೃತ್ಯಕ್ಕೆ ವಿಶ್ವವಿದ್ಯಾನಿಲಯದ ಕಾಲೇಜು ಆರಂಭವಾಯಿತು. ವಿದ್ವಾನ್ ವಿ. ರಾಮರತ್ನಂ ಅದರ ಮೊದಲ ಪ್ರಾಂಶುಪಾಲರು. ನೃತ್ಯದ ಮೊದಲ ರೀಡರ್ ಆಗಿ ನೇಮಕಗೊಂಡವರು ವಿದುಷಿ ಕೆ. ವೆಂಕಟಲಕ್ಷಮ್ಮ.

ಈ ನೇಮಕದ ಮಹತ್ವವನ್ನು ತಿಳಿಯಲು ಅವರ ಬದುಕಿನ ಹಾದಿಯನ್ನು ನೋಡಬೇಕು. 1906ರಲ್ಲಿ ಕಡೂರು ಸೀಮೆಯ ಲಂಬಾಣಿ ತಾಂಡಾವೊಂದರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಮೈಸೂರಿಗೆ ಬಂದು ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. 1939ರಲ್ಲಿ ನಾಲ್ವಡಿಯವರು ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಮೈಸೂರು ಶೈಲಿಯ ಅಭಿನಯಕ್ಕೆ ಅವರು ಮತ್ತೊಂದು ಹೆಸರಾದರು. ಅರಮನೆಯ ಆಹ್ವಾನಿತರ ಎದುರು ಅಭಿನಯಿಸಿದ ಅದೇ ಕಲಾವಿದೆ ಮುಂದೆ ಪಠ್ಯಕ್ರಮ, ಹಾಜರಾತಿ, ಪರೀಕ್ಷೆಗಳ ಚೌಕಟ್ಟಿನಲ್ಲಿ, ಶುಲ್ಕ ಕಟ್ಟಿ ಬಂದ ಸಾಮಾನ್ಯ ಮನೆಗಳ ಮಕ್ಕಳಿಗೆ ಪಾಠ ಹೇಳಿದರು. 1974ರಲ್ಲಿ ನಿವೃತ್ತರಾದ ಅವರಿಗೆ 1992ರಲ್ಲಿ ಪದ್ಮಭೂಷಣ ಸಂದಿತು. 2002ರಲ್ಲಿ ಅವರು ನಿಧನರಾದರು.

ಒಬ್ಬರ ಬಾಳಿನಲ್ಲಿ ನಡೆದ ಈ ಸ್ಥಾನಾಂತರವೇ ಮಾನಸಗಂಗೋತ್ರಿಯ ಕಲಾ ಚರಿತ್ರೆಯ ತಿರುಳು. ದೊರೆಯ ಒಲವನ್ನು ಅವಲಂಬಿಸಿದ್ದ ಕಲೆ ಸಾರ್ವಜನಿಕ ವಿದ್ಯೆಯಾಯಿತು. ಹಾಗೆಯೇ ಅದರ ಪೋಷಕನ ಪೀಠವೂ ದೊರೆಯಿಂದ ತೆರಿಗೆದಾರನಿಗೆ, ಅಂದರೆ ನಾಗರಿಕನಿಗೆ, ವರ್ಗವಾಯಿತು.

ಎಲ್ಲೆಲ್ಲಿ ನಡೆಯುತ್ತದೆ?

ಸುಮಾರು 739 ಎಕರೆ ವಿಸ್ತಾರದ ಆವರಣದಲ್ಲಿ ಹೊಸಬರು ದಾರಿ ತಪ್ಪುವುದು ಸುಲಭ. ಕಾರ್ಯಕ್ರಮಗಳ ದೃಷ್ಟಿಯಿಂದ ಮುಖ್ಯವಾದ ತಾಣಗಳಿವು:

ಬಯಲು ರಂಗಮಂದಿರ: ಮಾನಸಗಂಗೋತ್ರಿಯ ಅತ್ಯಂತ ಜನಪ್ರಿಯ ವೇದಿಕೆ. ತೆರೆದ ಆಕಾಶದಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕುಳಿತು ನೋಡುವ ಏರ್ಪಾಡು ಇಲ್ಲಿಯದು. ದಸರಾ ಪೂರ್ವದ ‘ಯುವ ಸಂಭ್ರಮ’ ನಡೆಯುವುದು ಇಲ್ಲಿಯೇ.

ಸೆನೆಟ್ ಭವನ ಮತ್ತು ರಾಣಿ ಬಹದ್ದೂರ್ ಸಭಾಂಗಣ: ವಿಚಾರ ಸಂಕಿರಣ, ಪುಸ್ತಕ ಬಿಡುಗಡೆ, ವಿಶೇಷ ಉಪನ್ಯಾಸ ಮತ್ತು ಒಳಾಂಗಣ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಬಳಕೆಯಾಗುವ ಸಭಾಂಗಣಗಳು.

ಲಲಿತಕಲಾ ಕಾಲೇಜು: ಸಂಗೀತ, ನೃತ್ಯ, ನಾಟಕಗಳ ಅಧ್ಯಯನ ಕೇಂದ್ರ. ದೊಡ್ಡ ಬ್ಯಾನರಿಲ್ಲದ, ಆದರೆ ಅಭ್ಯಾಸದ ಗಂಭೀರತೆಯಿರುವ ವಿದ್ಯಾರ್ಥಿ ಕಛೇರಿಗಳನ್ನು ಕೇಳಬಯಸುವವರು ಗಮನವಿಡಬೇಕಾದ ಸ್ಥಳ.

ಕ್ರಾಫರ್ಡ್ ಭವನ: ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ. ಘಟಿಕೋತ್ಸವದಂಥ ಔಪಚಾರಿಕ ಸಮಾರಂಭಗಳ ತಾಣ. ಇದು ಮಾನಸಗಂಗೋತ್ರಿಯ ಒಳಗಿಲ್ಲ, ಕೆರೆಯ ಈಚೆ ನಗರದ ಬದಿಯಲ್ಲಿದೆ ಎಂಬುದನ್ನು ಪರಊರಿನವರು ನೆನಪಿಡಬೇಕು.

ಮಹಾರಾಜ ಕಾಲೇಜಿನ ಶತಮಾನೋತ್ಸವ ಭವನ: ಕನ್ನಡ ಸಾಹಿತ್ಯ ಸಂಬಂಧಿ ಸಭೆಗಳಿಗೆ ಹಳೆಯ ನೆಂಟಸ್ತಿಕೆಯಿರುವ ಕಾಲೇಜಿನ ಸಭಾಂಗಣ.

ವಿಶ್ವವಿದ್ಯಾನಿಲಯಕ್ಕೆ ಸೇರದಿದ್ದರೂ ಅದರ ನೆರೆಹೊರೆಯೆನ್ನಬಹುದಾದ ಇನ್ನೊಂದು ತಾಣ ಕಲಾಮಂದಿರದ ಆವರಣ. ಬಿ.ವಿ. ಕಾರಂತರ ನಿರ್ದೇಶನದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ ಇಲ್ಲಿದೆ. ಅದರ ಭೂಮಿಗೀತ, ವನರಂಗ ವೇದಿಕೆಗಳು ಮತ್ತು ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಎರಡನೆಯ ತರಗತಿಯಿದ್ದಂತೆ.

ವರ್ಷದ ಪಂಚಾಂಗ

ಪ್ರವೇಶ ಮತ್ತು ಪರೀಕ್ಷೆಗಳ ವೇಳಾಪಟ್ಟಿಗೆ ತಕ್ಕಂತೆ ದಿನಗಳು ಹಿಂದುಮುಂದಾಗುವುದುಂಟು. ಆದರೂ ವರ್ಷದ ಒಟ್ಟು ಲಯ ಬಹುಮಟ್ಟಿಗೆ ಸ್ಥಿರವಾಗಿದೆ.

ಜುಲೈ 27 ಸಂಸ್ಥಾಪನಾ ದಿನ. ಸೆಪ್ಟೆಂಬರ್–ಅಕ್ಟೋಬರ್ ದಸರೆಯ ಕಾಲ. ಹಬ್ಬಕ್ಕೆ ಮುನ್ನ ಬಯಲು ರಂಗಮಂದಿರದಲ್ಲಿ ಹಲವು ಸಂಜೆಗಳ ಕಾಲ ನಡೆಯುವ ಯುವ ಸಂಭ್ರಮದಲ್ಲಿ ವಿವಿಧ ಜಿಲ್ಲೆಗಳ ಕಾಲೇಜು ತಂಡಗಳು ನಾಡು, ನುಡಿ, ಪರಿಸರ, ಸ್ವಾತಂತ್ರ್ಯ ಹೋರಾಟ ಮೊದಲಾದ ವಿಷಯಗಳನ್ನು ಆಧರಿಸಿದ ಸಮೂಹ ನೃತ್ಯರೂಪಕಗಳನ್ನು ಪ್ರದರ್ಶಿಸುತ್ತವೆ. ಇದನ್ನು ‘ಯುವ ದಸರಾ’ದೊಂದಿಗೆ ಬೆರೆಸಿ ನೋಡಬಾರದು. ಯುವ ದಸರಾ ಹೆಸರಾಂತ ಗಾಯಕರ, ಚಲನಚಿತ್ರ ಕಲಾವಿದರ ವೇದಿಕೆ. ಬಹುಕಾಲ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಅದು 2024ರಲ್ಲಿ ನಗರದ ಹೊರವಲಯದ ಉತ್ತನಹಳ್ಳಿಗೆ ಸ್ಥಳಾಂತರಗೊಂಡಿತು. ಯುವ ಸಂಭ್ರಮದಲ್ಲಿ ಕುಣಿಯುವವರೂ ವಿದ್ಯಾರ್ಥಿಗಳು, ಎದುರು ಕುಳಿತು ಕೇಕೆ ಹಾಕುವವರಲ್ಲಿ ಹೆಚ್ಚಿನವರೂ ವಿದ್ಯಾರ್ಥಿಗಳು.

ನವೆಂಬರ್ ರಾಜ್ಯೋತ್ಸವದ ತಿಂಗಳು. ಡಿಸೆಂಬರ್ 29 ಕುವೆಂಪು ಜನ್ಮದಿನ. ಉಪನ್ಯಾಸ ಮತ್ತು ಗೀತಗಾಯನಗಳ ದಿನ. ಪುಷ್ಯ ಮಾಸದ ಬಹುಳ ಪಂಚಮಿಯಂದು ತ್ಯಾಗರಾಜರ, ಅಮಾವಾಸ್ಯೆಯಂದು ಪುರಂದರದಾಸರ ಆರಾಧನೆ. ಸಾಮಾನ್ಯವಾಗಿ ಜನವರಿ ಇಲ್ಲವೆ ಫೆಬ್ರವರಿಯಲ್ಲಿ ಬೀಳುವ ಈ ದಿನಗಳು ಸಂಗೀತ ಕಲಿಯುವವರಿಗೆಲ್ಲ ಗೋಷ್ಠಿಗಾಯನದ ಸಂದರ್ಭ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಏಪ್ರಿಲ್ 29 ಅಂತಾರಾಷ್ಟ್ರೀಯ ನೃತ್ಯ ದಿನ, ಜೂನ್ 21 ವಿಶ್ವ ಸಂಗೀತ ದಿನ. ಮುಂಬರುವ ಕಾರ್ಯಕ್ರಮಗಳನ್ನು ನಿರೀಕ್ಷಿಸುವವರು ಈ ದಿನಗಳ ಆಚೀಚಿನ ವಾರಗಳನ್ನು ಗುರುತು ಹಾಕಿಕೊಳ್ಳಬಹುದು.

ಯುವಜನೋತ್ಸವ: ಸ್ಪರ್ಧೆಯ ಒಳಗಿನ ಶಿಸ್ತು

ವಿಶ್ವವಿದ್ಯಾನಿಲಯಗಳ ಕಲಾ ಚಟುವಟಿಕೆಯ ಬೆನ್ನೆಲುಬು ಅಂತರ ಕಾಲೇಜು ಯುವಜನೋತ್ಸವ. ಕಾಲೇಜುಗಳ ತಂಡಗಳು ಮೊದಲು ತಮ್ಮ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಸ್ಪರ್ಧಿಸುತ್ತವೆ. ಅಲ್ಲಿ ಆಯ್ಕೆಯಾದವರು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಏರ್ಪಡಿಸುವ ವಲಯ ಮಟ್ಟಕ್ಕೂ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೂ ತೆರಳುತ್ತಾರೆ. 36ನೆಯ ರಾಷ್ಟ್ರೀಯ ಉತ್ಸವ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾನಿಲಯದ ಆತಿಥ್ಯದಲ್ಲಿ ನಡೆದಿತ್ತು.

ಸ್ಪರ್ಧೆಗಳು ಐದು ವಿಭಾಗಗಳಲ್ಲಿ ಹರಡಿವೆ: ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ ಮತ್ತು ಲಲಿತಕಲೆ. ಶಾಸ್ತ್ರೀಯ ಗಾಯನ ಮತ್ತು ವಾದನ, ಸುಗಮ ಸಂಗೀತ, ಸಮೂಹ ಗಾನ, ಜಾನಪದ ವಾದ್ಯಮೇಳ, ಜಾನಪದ ನೃತ್ಯ, ಏಕಾಂಕ ನಾಟಕ, ಪ್ರಹಸನ, ಮೂಕಾಭಿನಯ, ಮಿಮಿಕ್ರಿ, ಚರ್ಚೆ, ಭಾಷಣ, ರಸಪ್ರಶ್ನೆ, ಸ್ಥಳದಲ್ಲೇ ಚಿತ್ರರಚನೆ, ಕೊಲಾಜ್, ವ್ಯಂಗ್ಯಚಿತ್ರ, ಮಣ್ಣಿನ ಮೂರ್ತಿ, ರಂಗೋಲಿ ಮೊದಲಾದವು ಈ ಪಟ್ಟಿಯಲ್ಲಿವೆ. ಏಕಾಂಕ ನಾಟಕಕ್ಕೆ 30 ನಿಮಿಷ, ಪ್ರಹಸನಕ್ಕೆ 10 ನಿಮಿಷ, ಮೂಕಾಭಿನಯಕ್ಕೆ 5 ನಿಮಿಷಗಳ ಮಿತಿ ಇದೆ. ಗಾಯನ ಸ್ಪರ್ಧೆಗಳಲ್ಲಿ ಚಲನಚಿತ್ರ ಗೀತೆಗಳಿಗೆ ಅವಕಾಶವಿಲ್ಲ.

ಈ ಕೊನೆಯ ನಿಯಮ ಮೇಲ್ನೋಟಕ್ಕೆ ಕಟ್ಟುನಿಟ್ಟೆನಿಸಿದರೂ ಅದರ ಪರಿಣಾಮ ದೊಡ್ಡದು. ಸಿನಿಮಾ ಹಾಡಿನ ಸುಲಭದ ದಾರಿ ಮುಚ್ಚಿದಾಗ ಕಾಲೇಜು ತಂಡಗಳು ತಮ್ಮ ಊರಿನತ್ತ ತಿರುಗುತ್ತವೆ. ಡೊಳ್ಳು, ಕಂಸಾಳೆ, ಪೂಜಾ ಕುಣಿತ, ವೀರಗಾಸೆಗಳನ್ನು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಹಳೆ ಮೈಸೂರು ಭಾಗದ ಹಳ್ಳಿಯ ಕಲಾವಿದನೊಬ್ಬ ಕಾಲೇಜು ಮಕ್ಕಳಿಗೆ ಗುರುವಾಗುವುದು ಇಂಥ ಸ್ಪರ್ಧೆಗಳ ನೆಪದಲ್ಲಿ. ಬಹುಮಾನ ಒಂದು ತಂಡಕ್ಕೆ ಸಿಗಬಹುದು. ಹೆಜ್ಜೆ ಕಲಿತವರು ಹಲವರು.

ಒಂದು ಎಚ್ಚರಿಕೆಯ ಕಥೆ: ಜಯಲಕ್ಷ್ಮಿ ವಿಲಾಸ

ಸಾರ್ವಜನಿಕ ಪೋಷಣೆಯ ಶಕ್ತಿಯೂ ದೌರ್ಬಲ್ಯವೂ ಒಟ್ಟಿಗೆ ಕಾಣುವ ಕಟ್ಟಡವೊಂದು ಮಾನಸಗಂಗೋತ್ರಿಯಲ್ಲಿದೆ. 1905ರಲ್ಲಿ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರಿಗಾಗಿ ನಿರ್ಮಾಣವಾದ ಜಯಲಕ್ಷ್ಮಿ ವಿಲಾಸ ಅರಮನೆ ಕುವೆಂಪು ಅವರ ಅಧಿಕಾರಾವಧಿಯಲ್ಲಿ ವಿಶ್ವವಿದ್ಯಾನಿಲಯದ ಪಾಲಾಯಿತು. 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯಕ್ಕೆ ಇದೇ ನೆಲೆಯಾಯಿತು. ದೇಜಗೌ ಅವರ ಬೆಂಬಲ, ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಅಲೆದಾಟದ ಫಲವಾಗಿ ಇಲ್ಲಿ ಸೇರಿದ ವಸ್ತುಗಳು ಸಾವಿರಾರು: ಸೋಮನ ಕುಣಿತದ ಮುಖವಾಡಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣ, ಗ್ರಾಮದೇವತೆಗಳ ಮರದ ವಿಗ್ರಹಗಳು, ಬೇಸಾಯದ ಉಪಕರಣಗಳು. ಸಾಹಿತಿಗಳು ಬಳಸಿದ ವಸ್ತುಗಳಿಗೂ ಇಲ್ಲಿ ಸ್ಥಳ ದೊರೆಯಿತು. ರಾಜಕುಮಾರಿಯ ಮಹಲಿನಲ್ಲಿ ರೈತನ ನೇಗಿಲು ಗೌರವದ ಸ್ಥಾನ ಪಡೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆದರೆ ಸಂಗ್ರಹಿಸುವುದಕ್ಕಿಂತ ಕಾಪಾಡುವುದು ಕಷ್ಟ. ಕಟ್ಟಡ ಶಿಥಿಲವಾಗುತ್ತ ಬಂದು, ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ 2000ರ ದಶಕದಲ್ಲಿ ಅದರ ಜೀರ್ಣೋದ್ಧಾರ ನಡೆಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಮರದ ತೊಲೆ, ಚಾವಣಿಗಳು ಮತ್ತೆ ಕೈಕೊಟ್ಟವು. 2024ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನೊಂದಿಗೆ, ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಸಹಯೋಗದಲ್ಲಿ ಪಶ್ಚಿಮ ಪಾರ್ಶ್ವದ ಸಂರಕ್ಷಣಾ ಯೋಜನೆ ಪ್ರಕಟವಾಯಿತು. ವಸ್ತುಸಂಗ್ರಹಾಲಯವನ್ನು ನೋಡಲು ಬರುವವರು ಮೊದಲೇ ವಿಚಾರಿಸಿ ಹೊರಡುವುದು ಲೇಸು.

ಇಲ್ಲಿನ ಪಾಠ ಸ್ಪಷ್ಟವಾಗಿದೆ. ಮಳೆನೀರು ಸೋರುವ ಚಾವಣಿಗೆ ಒಂದು ದೊಡ್ಡ ದೇಣಿಗೆಗಿಂತ ಪ್ರತಿವರ್ಷದ ಸಣ್ಣ ದುರಸ್ತಿ ಮುಖ್ಯ. ಪ್ರತಿವರ್ಷದ ದುರಸ್ತಿ ನಡೆಯುವುದು ನೋಡುವ ಕಣ್ಣುಗಳಿದ್ದಾಗ. ಜನ ಬರುವ ಕಟ್ಟಡದ ಬಿರುಕು ಬೇಗ ಸುದ್ದಿಯಾಗುತ್ತದೆ. ಬೀಗ ಬಿದ್ದ ಕಟ್ಟಡದ ಬಿರುಕು ಒಳಗೊಳಗೇ ಬೆಳೆಯುತ್ತದೆ.

ಕಲಾ ವಿಭಾಗಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಕಾಯಂ ಅಧ್ಯಾಪಕರು ನಿವೃತ್ತರಾದಂತೆ ತೆರವಾದ ಸ್ಥಾನಗಳು ಬೇಗ ತುಂಬುತ್ತಿಲ್ಲ. ಅತಿಥಿ ಉಪನ್ಯಾಸಕರ ಮೇಲಿನ ಅವಲಂಬನೆ ಹೆಚ್ಚಿದೆ. ಇತರ ವಿಷಯಗಳಲ್ಲಿ ಪಠ್ಯಪುಸ್ತಕವಾದರೂ ಉಳಿಯುತ್ತದೆ. ಸಂಗೀತ, ನೃತ್ಯಗಳಲ್ಲಿ ಗುರುವೇ ಪಠ್ಯ. ಒಂದು ತಲೆಮಾರಿನ ನೇಮಕಾತಿ ತಪ್ಪಿದರೆ ಒಂದು ಪಾಠಾಂತರವೇ ಕೈತಪ್ಪಬಹುದು.

ರಾಜ್ಯದ ಇತರೆಡೆ

ಈ ಹಾದಿಯಲ್ಲಿ ಮೈಸೂರು ಒಂಟಿಯಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಂಗೂಬಾಯಿ ಹಾನಗಲ್ ಅವರು ಗೌರವ ಸಂಗೀತ ಪ್ರಾಧ್ಯಾಪಕರಾಗಿದ್ದರು. ಅವರ ಹೆಸರಿನಲ್ಲಿ 2009ರ ಕಾಯಿದೆಯ ಮೂಲಕ ರೂಪುಗೊಂಡ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿಯೇ ಇದೆ. ಹುಬ್ಬಳ್ಳಿ–ಧಾರವಾಡದ ಹಿಂದೂಸ್ತಾನಿ ಪರಂಪರೆಯ ಹೆಸರು ಕರ್ನಾಟಕ ಸಂಗೀತದ ತವರಿನಲ್ಲಿ ನಿಂತಿರುವುದು ಅರ್ಥಪೂರ್ಣ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನೇ ‘ನುಡಿಹಬ್ಬ’ವೆಂದು ಕರೆದು, ನಾಡೋಜ ಗೌರವ ಪದವಿ ನೀಡುತ್ತ ಬಂದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ.

ಓದುಗರಿಗೆ ಕೆಲವು ಸೂಚನೆಗಳು

ವಿಶ್ವವಿದ್ಯಾನಿಲಯದ ವಿಭಾಗಗಳು ನಡೆಸುವ ಉಪನ್ಯಾಸ, ಗೋಷ್ಠಿಗಾಯನ, ವಿದ್ಯಾರ್ಥಿ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಪ್ರವೇಶ ಶುಲ್ಕವಿರುವುದಿಲ್ಲ. ಆಹ್ವಾನ ಪತ್ರಿಕೆ ಕೈಗೆ ಬರಲಿಲ್ಲವೆಂದು ಹಿಂಜರಿಯುವ ಕಾರಣವಿಲ್ಲ.

ಸ್ಥಳೀಯ ಪತ್ರಿಕೆಗಳ ‘ನಗರದಲ್ಲಿ ಇಂದು’ ಬಗೆಯ ಅಂಕಣಗಳು, ವಿಭಾಗಗಳ ಸೂಚನಾ ಫಲಕಗಳು, ವಿಶ್ವವಿದ್ಯಾನಿಲಯದ ಪ್ರಕಟಣೆಗಳು ಕಾರ್ಯಕ್ರಮ ತಿಳಿಯುವ ವಿಶ್ವಸನೀಯ ಮೂಲಗಳು. ಕೊನೆಯ ಗಳಿಗೆಯಲ್ಲಿ ಸಭಾಂಗಣ ಬದಲಾಗುವುದುಂಟು. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸುವುದು ಕ್ಷೇಮ.

ಬಯಲು ರಂಗಮಂದಿರದ ಕಾರ್ಯಕ್ರಮಗಳು ಬರುವುದು ಹಿಂಗಾರು ಇಣುಕುವ ಕಾಲದಲ್ಲಿ. ಕೊಡೆಯ ಜೊತೆಗೆ ಕೂರಲೊಂದು ಹಾಸು ಇದ್ದರೆ ಉತ್ತಮ. ಯುವ ಸಂಭ್ರಮದ ಸಂಜೆಗಳಲ್ಲಿ ಜನಸಂದಣಿ ಹೆಚ್ಚು. ವೃದ್ಧರು ಮತ್ತು ಮಕ್ಕಳೊಂದಿಗೆ ಬರುವವರು ಬೇಗನೆ ತಲುಪಬೇಕು.

ಹಗಲಿನಲ್ಲಿ ಬಂದವರು ಪ್ರಸಾರಾಂಗದ ಪುಸ್ತಕ ಮಳಿಗೆಗೆ ಭೇಟಿ ಕೊಡುವುದನ್ನು ಮರೆಯಬಾರದು. ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಿಗೆಗಳು ಜನಸಾಮಾನ್ಯರಿಗೆ ಜ್ಞಾನ ತಲುಪಿಸಿದ ಪರಿ ಇಂದಿಗೂ ಮಾದರಿ.

ದೊಡ್ಡ ಉತ್ಸವದ ದೀಪಗಳ ನಡುವೆ ಪ್ರಸಿದ್ಧ ಗಾಯಕರಿಗೆ ಪ್ರೇಕ್ಷಕರ ಕೊರತೆಯಿಲ್ಲ. ಮೊದಲ ಬಾರಿಗೆ ವೇದಿಕೆ ಏರಿ, ಶ್ರುತಿ ಹಿಡಿಯುವಾಗ ಧ್ವನಿ ನಡುಗುವ ವಿದ್ಯಾರ್ಥಿನಿಗೆ ಎದುರಿನ ಖಾಲಿ ಕುರ್ಚಿಗಳೇ ಕಾಣಬಾರದು. ಅಂಥ ಒಂದು ಸಂಜೆಗೆ ನಗರದ ಕೆಲವರಾದರೂ ಹೋಗಿ ಕುಳಿತರೆ, ದೊರೆ ಬಿಟ್ಟುಹೋದ ಆಸನ ಖಾಲಿ ಉಳಿದಿಲ್ಲವೆಂದು ಹೇಳಬಹುದು.